ಪಾದ್ರಿಗಳ ಕನ್ನಡ: ಒಂದು ವಿಮರ್ಶೆ

ನಮ್ಮ ಸಾತನೂರು ಸೇರಿರುವ ಕನಕಪುರ ತಾಲ್ಲೂಕಿನಲ್ಲಿ ಹಾರೋಬೆಲೆಯೆಂಬ ಗ್ರಾಮವುಂಟು. ಅಲ್ಲಿಯ ನಿವಾಸಿಗಳಲ್ಲಿ ಬಹುಮಂದಿ ಕಥೋಲಿಕ ಕ್ರೈಸ್ತರು. ಅವರ ಮನೆಮಾತು ಕನ್ನಡ. ಶುಭಶುಕ್ರವಾರದ ಕಾಲದಲ್ಲಿ ಆ ಊರಿನವರು ಯೇಸುಕ್ರಿಸ್ತನ ಯಾತನೆ ಮರಣಗಳ ಕಥೆಯನ್ನು ಕನ್ನಡ ನಾಟಕವಾಗಿ ರಂಗದ ಮೇಲೆ ತರುವ ಪದ್ಧತಿಯಿದೆ. ಈಚೆಗೆ ಸಾತನೂರಿನಲ್ಲಿ ನಾಲ್ಕಾರು ಮಂದಿ ಸಾಹಿತ್ಯಾಸಕ್ತರು ಸೇರಿದ್ದಾಗ ಈ ನಾಟಕದ ಪ್ರಸ್ತಾಪ ಬಂದಿತು. ಮಿತ್ರರೊಬ್ಬರು, "ಅದು ಅವರ ನಾಟಕ; ಅದನ್ನು ಕನ್ನಡ ನಾಟಕವೆಂದು ಎಣಿಸುವುದು ಹೇಗೆ?" ಎಂದರು. ಮತ್ತೊಬ್ಬರು, "ಹಾಗಾದರೆ ಕಿಟ್ಟೆಲ್ ಕೋಶವನ್ನೂ ಅವರ ಕೋಶವೆಂದು ಕಪಾಟಿನಿಂದ ಹೊರಗಿಡುವಿರೋ?" ಎಂದು ಕೇಳಿದರು. ಮಾತು ಅಲ್ಲಿಗೆ ಮುಗಿಯಿತು. ಆದರೆ ಆ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಇಟ್ಟುಕೊಂಡು ಆಲೋಚಿಸಬೇಕೆಂದು ನನಗೆ ತೋರಿತು. ಪ್ರಕೃತ ಲೇಖನವು ಆ ಆಲೋಚನೆಯ ಫಲ.

ಕ್ರೈಸ್ತ ಪಾದ್ರಿಗಳು ಕನ್ನಡದಲ್ಲಿ ಮಾಡಿದ ಕೆಲಸದ ವಿಷಯವಾಗಿ ನಮ್ಮಲ್ಲಿ ಎರಡು ಬಗೆಯ ಅಭಿಪ್ರಾಯಗಳು ಪ್ರಚಾರದಲ್ಲಿವೆ. ಅವರು ಕನ್ನಡವನ್ನು ಉದ್ಧಾರಮಾಡಲೆಂದೇ ಕಡಲು ದಾಟಿ ಬಂದರೆಂಬ ಹಾಗೆ ಕೆಲವರು ಹೊಗಳುವರು. ಅವರು ಮಾಡಿದುದೆಲ್ಲವೂ ಮತಾಂತರದ ಗಾಳಕ್ಕೆ ಸಿಕ್ಕಿಸಿದ ಎರೆಯೆಂದು ಮತ್ತೆ ಕೆಲವರು ಜರೆಯುವರು. ಇವೆರಡರಲ್ಲಿ ಯಾವುದೂ ವಿಮರ್ಶೆಯಲ್ಲ. ಹೊಗಳುವವರು ಪಾದ್ರಿಗಳ ಹೃದಯದಲ್ಲಿ ಅತ್ಯಂತ ಮುಖ್ಯವಾಗಿದ್ದ ಭಾವವನ್ನೇ ಮರೆಮಾಚುತ್ತಾರೆ. ಜರೆಯುವವರು ಗ್ರಂಥಗಳನ್ನು ತೆರೆಯದೆಯೇ ತೀರ್ಪು ಕೊಡುತ್ತಾರೆ. ಗ್ರಂಥವನ್ನು ಗ್ರಂಥವಾಗಿಯೇ ನೋಡಿ, ಯಾವುದು ಉಳಿಯಿತು, ಯಾವುದು ಉಳಿಯಲಿಲ್ಲ, ಏಕೆ ಎಂದು ವಿಚಾರಿಸುವುದು ವಿಮರ್ಶಕನ ಕರ್ತವ್ಯ.

ಹಾಗೆ ವಿಚಾರಿಸಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಪಾದ್ರಿಗಳು ಕನ್ನಡಿಗರಿಗೆ ಹೇಳಲೆಂದು ಬರೆದ ಪುಸ್ತಕಗಳು ಬಹುಮಟ್ಟಿಗೆ ಮರೆಯಾಗಿವೆ. ಕನ್ನಡಿಗರಿಂದ ಕೇಳಿ ಬರೆದ ಪುಸ್ತಕಗಳು ಇಂದಿಗೂ ನಮ್ಮ ಕೈಯಲ್ಲಿವೆ. ಬೋಧಿಸುವ ಹಂಬಲವಿಲ್ಲದಿದ್ದರೆ ಅವರು ಕೇಳುತ್ತಲೇ ಇರಲಿಲ್ಲವೆಂಬುದೂ ಅಷ್ಟೇ ನಿಜ. ಈ ಮಾತನ್ನು ಕೆಲವು ಕೃತಿಗಳ ಮೂಲಕ ಸಮರ್ಥಿಸಲು ಯತ್ನಿಸುವೆನು.

ನಮ್ಮ ಮೈಸೂರು ಸೀಮೆಯಲ್ಲಿಯೂ ಕಥೋಲಿಕ, ಲಂಡನ್, ವೆಸ್ಲಿಯನ್ ಮಿಶನ್ನುಗಳು ಬಹುಕಾಲ ಕೆಲಸಮಾಡಿದುವು. ಆದರೆ ಸಾಹಿತ್ಯದ ದೃಷ್ಟಿಯಿಂದ ಈ ಕಥೆಯ ಆರಂಭವನ್ನು ಕಾಣಬೇಕಾದರೆ ಬಳ್ಳಾರಿಗೂ ಮಂಗಳೂರಿಗೂ ಹೋಗಬೇಕು. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸರು ೧೮೧೦ರಲ್ಲಿ ಬಳ್ಳಾರಿಗೆ ಬಂದು ನೆಲಸಿದರು. ಅವರೂ ಅವರ ಸಹೋದ್ಯೋಗಿಗಳೂ ದುಡಿದ ಫಲವಾಗಿ ೧೮೩೧ರ ವೇಳೆಗೆ ಬೈಬಲ್ ಗ್ರಂಥವು ಸಂಪೂರ್ಣವಾಗಿ ಕನ್ನಡಕ್ಕೆ ಬಂದಿತು. ಅದೇ ಮಿಶನ್ನಿನ ವಿಲಿಯಂ ರೀವರು ೧೮೨೪ರಲ್ಲಿ ಇಂಗ್ಲಿಷ್–ಕನ್ನಡ ಕೋಶವನ್ನೂ ೧೮೩೨ರಲ್ಲಿ ಕನ್ನಡ–ಇಂಗ್ಲಿಷ್ ಕೋಶವನ್ನೂ ಹೊರತಂದರು. ೧೮೩೪ರಲ್ಲಿ ಬಾಸೆಲ್ ಮಿಶನ್ನಿನ ಮೊದಲನೆಯ ಮೂವರು ಪಾದ್ರಿಗಳು ಪಶ್ಚಿಮ ಕರಾವಳಿಗೆ ಬಂದಿಳಿದರು. ಎರಡು ವರ್ಷಗಳ ಮೇಲೆ ಬಂದು ಅವರನ್ನು ಕೂಡಿಕೊಂಡವರು ಹರ್ಮನ್ ಮೋಗ್ಲಿಂಗರು. ಇವರೆಲ್ಲರ ಉದ್ದೇಶವೂ ಒಂದೇ: ಯೇಸುಕ್ರಿಸ್ತನಲ್ಲಿ ತಮಗೆ ದೊರೆತಿತೆಂದು ನಂಬಿದ ರಕ್ಷಣೆಯ ವಾರ್ತೆಯನ್ನು ಇಲ್ಲಿಯ ಜನಕ್ಕೆ ತಿಳಿಸುವುದು. ಅದನ್ನು ಅವರು ಎಂದೂ ಗುಟ್ಟಾಗಿಟ್ಟವರಲ್ಲ. ನಾವು ಅವರ ಪರವಾಗಿ ಗುಟ್ಟುಮಾಡುವುದು ಅವರಿಗೆ ಗೌರವವೂ ಅಲ್ಲ.

ಮೊದಲು, ಹೇಳಲೆಂದು ಬರೆದ ಗ್ರಂಥಗಳನ್ನು ನೋಡೋಣ. ಇವುಗಳಲ್ಲಿ ಶ್ರೇಷ್ಠವಾದುದು ಬೈಬಲಿನ ಭಾಷಾಂತರವೇ. ಕನ್ನಡ ಗದ್ಯವು ಕಾವ್ಯದ ಮತ್ತು ಟೀಕಿನ ನೆರಳಿನಲ್ಲಿದ್ದ ಕಾಲದಲ್ಲಿ, ಇಷ್ಟು ದೀರ್ಘವಾದ, ಇಷ್ಟು ಬಗೆಬಗೆಯ ವಿಷಯಗಳುಳ್ಳ ಒಂದು ಗ್ರಂಥವನ್ನು ಓದುಬರಹ ಬಲ್ಲ ಸಾಮಾನ್ಯನಿಗೆ ತಿಳಿಯುವ ಗದ್ಯದಲ್ಲಿ ಇಳಿಸಿದುದು ಸಣ್ಣ ಸಾಹಸವಲ್ಲ. ಆದರೆ ಅವರ ಕಷ್ಟವು ಪ್ರತಿಯೊಂದು ಶಬ್ದದಲ್ಲಿಯೂ ಗೋಚರವಾಗುತ್ತದೆ. 'ಪಾಪ'ವೆಂಬ ಮಾತನ್ನೇ ತೆಗೆದುಕೊಳ್ಳಿರಿ. ನಮ್ಮಲ್ಲಿ ಪಾಪವೆಂದರೆ ಮಾಡಿದ ಕರ್ಮ, ಅದರ ಫಲ. 'ಅಯ್ಯೋ ಪಾಪ' ಎನ್ನುವಾಗ ಅದು ಮರುಕದ ಮಾತೂ ಆಗುತ್ತದೆ. ಕ್ರೈಸ್ತರ ಪಾಪವಾದರೋ ಮನುಷ್ಯನು ಹುಟ್ಟಿನಿಂದಲೇ ಸಿಕ್ಕಿಕೊಂಡಿರುವ ಒಂದು ಸ್ಥಿತಿ. ಶಬ್ದ ಒಂದೇ ಆದರೂ ಹೇಳುವವನ ಮನಸ್ಸಿನಲ್ಲಿ ಒಂದು ಅರ್ಥ, ಕೇಳುವವನ ಮನಸ್ಸಿನಲ್ಲಿ ಇನ್ನೊಂದು. ಇದು ಭಾಷಾಂತರಕಾರರ ದೋಷವೆನ್ನಲಾಗದು. ಎರಡು ಲೋಕಗಳ ನಡುವಣ ಅಂತರ.

ಗ್ರಂಥದ ಹೆಸರನ್ನೇ ನೋಡಿರಿ. ಪ್ರಾಟೆಸ್ಟಂಟರ ಕನ್ನಡ ಬೈಬಲಿಗೆ 'ಸತ್ಯವೇದವು' ಎಂದು ಹೆಸರು. ವೇದವೆಂಬ ಮಾತಿಗೆ ಈ ನಾಡಿನಲ್ಲಿರುವ ಪೂಜ್ಯತೆಯನ್ನು ಅರಿತು ಅದನ್ನು ತಮ್ಮ ಗ್ರಂಥಕ್ಕೆ ತಂದುಕೊಂಡದ್ದು ಒಂದು ಆದರ. 'ಸತ್ಯ'ವೆಂಬ ವಿಶೇಷಣವನ್ನು ಸೇರಿಸಿದ್ದು ಒಂದು ವಾದ. ಉಳಿದ ವೇದಗಳು ಏನಾದುವೆಂದು ಓದುಗನು ಕೇಳದಿರನು. ಆದರ, ವಾದ ಎರಡೂ ಒಂದೇ ಪದದಲ್ಲಿ ಹೀಗೆ ಕೂಡಿಕೊಂಡಿರುವುದು ಆ ಕಾಲದ ಪಾದ್ರಿಗಳ ಮನೋಧರ್ಮಕ್ಕೆ ಒಳ್ಳೆಯ ನಿದರ್ಶನ.

ಆದರವು ಕುಂದಿ ವಾದವೇ ಮೇಲಾದ ಕಡೆಗಳಲ್ಲಿ ಅವರ ಕನ್ನಡವೂ ಸೊರಗಿತು. ಮೋಗ್ಲಿಂಗರ 'ಈರಾರು ಪತ್ರಗಳು' ಮೊದಲಾದ ಚರ್ಚಾಗ್ರಂಥಗಳೂ ಕಿರುಹೊತ್ತಗೆಗಳೂ ಇಂದು ಚರಿತ್ರಕಾರನ ಮೇಜನ್ನು ಬಿಟ್ಟು ಬೇರೆಲ್ಲಿಯೂ ಕಾಣವು. ಭಾಷೆ ಶುದ್ಧವಾಗಿರಬಹುದು, ತರ್ಕ ತೀಕ್ಷ್ಣವಾಗಿರಬಹುದು. ಆದರೆ ಎದುರಾಳಿಯ ಮನೆಯೊಳಗಣ ಭಕ್ತಿಯನ್ನು ಒಳಹೊಕ್ಕು ನೋಡದೆ ಹೊರಗಣ ಆಚಾರವನ್ನಷ್ಟೇ ಖಂಡಿಸುವ ಬರಹವು ಯಾವ ಮತದವರದಾದರೂ ಬಹುಕಾಲ ಬಾಳದು. ಕಿಟ್ಟೆಲರು ೧೮೬೨ರಲ್ಲಿ ಪ್ರಕಟಿಸಿದ 'ಕಥಾಮಾಲೆ' ಇದಕ್ಕಿಂತ ಮೇಲಾದ ಯತ್ನ. ಯೇಸುವಿನ ಚರಿತ್ರೆಯನ್ನು ಅವರು ನಮ್ಮ ದೇಶದ ಛಂದಸ್ಸಿಗೆ ಒಗ್ಗಿಸಿದರು. ಪರದೇಶದವರೊಬ್ಬರು ಕನ್ನಡ ಪದ್ಯರಚನೆಯ ನಿಯಮಗಳನ್ನು ಇಷ್ಟರಮಟ್ಟಿಗೆ ಕೈವಶಮಾಡಿಕೊಂಡರೆಂಬುದು ಆಶ್ಚರ್ಯಕರವೇ ಸರಿ. ಆದರೂ ಅದು ಜನರ ನಾಲಗೆಯ ಮೇಲೆ ನಿಲ್ಲಲಿಲ್ಲ. ಕಟ್ಟು ನಮ್ಮದಾದ ಮಾತ್ರಕ್ಕೆ ಕಾವ್ಯ ನಮ್ಮದಾಗದು. ಅದಕ್ಕೆ ತಲೆಮಾರುಗಳ ಬಾಳು ಬೆರೆಯಬೇಕು.

ಇನ್ನು ಎರಡನೆಯ ವರ್ಗ. ೧೮೪೩ನೆಯ ಜುಲೈ ೧ನೆಯ ತಾರೀಖು ಮಂಗಳೂರಿನಲ್ಲಿ ಮೋಗ್ಲಿಂಗರು 'ಮಂಗಳೂರ ಸಮಾಚಾರ'ವನ್ನು ಪ್ರಾರಂಭಿಸಿದರು. ಕಲ್ಲಚ್ಚಿನಲ್ಲಿ ಮುದ್ರಿತವಾಗಿ ಪಕ್ಷಕ್ಕೊಮ್ಮೆ ಹೊರಡುತ್ತಿದ್ದ ಈ ಕಾಗದವೇ ಕನ್ನಡದ ಮೊದಲನೆಯ ವೃತ್ತಪತ್ರಿಕೆ. ಮರುವರ್ಷ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವೆಂಬ ಹೆಸರನ್ನು ತಾಳಿತು. ಅದರಲ್ಲಿ ಮತಬೋಧೆ ಇಲ್ಲವೆಂದಲ್ಲ. ಆದರೆ ಊರಿನ ವರ್ತಮಾನ, ಸರ್ಕಾರದ ನಿರೂಪ, ಪರರಾಜ್ಯದ ಸುದ್ದಿ ಇವುಗಳನ್ನು ಹೇಳಬೇಕಾದಾಗ ಪಾದ್ರಿಯು ಪೀಠದಿಂದ ಇಳಿದು ಬೀದಿಯ ಜನರು ಆಡುವ ಕನ್ನಡವನ್ನು ಕೇಳಬೇಕಾಯಿತು. ಇಂದು ನಾವು ಬೆಳಗಾದರೆ ಓದುವ ಪತ್ರಿಕಾಗದ್ಯದ ಬೇರು ಅಲ್ಲಿದೆ. ಕರ್ನಾಟಕದಲ್ಲಿ ಜುಲೈ ೧ನ್ನು ಪತ್ರಿಕಾ ದಿನವೆಂದು ಆಚರಿಸುವುದು ಅದರ ನೆನಪಿಗಾಗಿಯೇ.

ಇದಕ್ಕಿಂತ ದೊಡ್ಡ ಕೆಲಸವೆಂದರೆ, ಮದರಾಸು ಸರ್ಕಾರದಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾದ ಕಾಸಮೇಜರ್ ಎಂಬವರ ದ್ರವ್ಯಸಹಾಯದಿಂದ ೧೮೪೮ರಿಂದೀಚೆಗೆ ಮಂಗಳೂರಿನಲ್ಲಿ ಅಚ್ಚಾದ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಗ್ರಂಥಮಾಲೆ. ಓಲೆಗರಿಗಳಲ್ಲಿ ಅಡಗಿದ್ದ ಜೈಮಿನಿಭಾರತ, ಬಸವಪುರಾಣ, ತೊರವೆ ರಾಮಾಯಣ ಮುಂತಾದುವು ಈ ಮಾಲೆಯಲ್ಲಿ ಮುದ್ರಣವನ್ನು ಕಂಡುವು. ೧೮೫೦ರಲ್ಲಿ ದಾಸರ ಪದಗಳೂ ಹೊರಬಂದುವು. ವಿಗ್ರಹಾರಾಧನೆಯನ್ನು ಖಂಡಿಸಿ ಬೋಧಿಸುತ್ತಿದ್ದವರ ಅಚ್ಚುಕೂಟದಿಂದಲೇ ಪುರಂದರದಾಸರ ಹಾಡುಗಳು ಮೊದಲಬಾರಿಗೆ ಪುಸ್ತಕರೂಪದಲ್ಲಿ ಹೊರಟುದು ವಿಚಿತ್ರವಾಗಿ ತೋರಬಹುದು. ಜನರ ಮನಸ್ಸನ್ನು ತಿಳಿಯದೆ ಬೋಧಿಸಲಾಗದೆಂಬ ಪ್ರಯೋಜನದೃಷ್ಟಿ ಅದರಲ್ಲಿ ಇದ್ದಿತೆಂಬುದು ನಿಶ್ಚಯ. ಆದರೆ ಪ್ರಯೋಜನವೊಂದೇ ಇದ್ದುದಾದರೆ, ಸ್ವದೇಶಕ್ಕೆ ಮರಳಿದ ಮೇಲೂ ಮೋಗ್ಲಿಂಗರು ಆ ಪದಗಳಲ್ಲಿ ಕೆಲವನ್ನು ಜರ್ಮನ್ ಭಾಷೆಗೆ ತಿರುಗಿಸಿ ಅಲ್ಲಿಯ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಪ್ರಕಟಿಸುತ್ತಿದ್ದರೇ? ಜರ್ಮನಿಯಲ್ಲಿ ಮತಾಂತರಗೊಳಿಸಬೇಕಾದ ದಾಸಭಕ್ತರು ಯಾರೂ ಇರಲಿಲ್ಲ. ಕೇಳುತ್ತ ಕೇಳುತ್ತ ಆ ಹಾಡು ಅವರಿಗೆ ಪ್ರಿಯವಾಯಿತೆಂದೇ ಹೇಳಬೇಕು.

ಮೂರನೆಯದು ಕಿಟ್ಟೆಲ್ ಕೋಶ. ಫರ್ಡಿನೆಂಡ್ ಕಿಟ್ಟೆಲರು ೧೮೫೩ರಲ್ಲಿ ಇಪ್ಪತ್ತೊಂದು ವರ್ಷದ ತರುಣರಾಗಿ ಈ ದೇಶಕ್ಕೆ ಬಂದರು. ೧೮೭೨ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ ೧೮೭೫ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಶೋಧಿಸಿ ಪ್ರಕಟಿಸಿದರು. ೧೮೯೪ರಲ್ಲಿ ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಕನ್ನಡ–ಇಂಗ್ಲಿಷ್ ಕೋಶವು ಮಂಗಳೂರಿನಲ್ಲಿ ಅಚ್ಚಾಗಿ ಬಂದಿತು. ಗಾತ್ರದಲ್ಲಿ ಸಾವಿರದ ಏಳುನೂರು ಪುಟಗಳನ್ನು ಮೀರಿದ ಈ ಗ್ರಂಥದ ಹಿರಿಮೆಯು ಗಾತ್ರದಲ್ಲಿಲ್ಲ, ಅದರ ಕ್ರಮದಲ್ಲಿದೆ. ಒಂದು ಶಬ್ದವನ್ನು ತೆರೆದು ನೋಡಿದರೆ, ಅದು ದೇಶ್ಯವೋ ತದ್ಭವವೋ, ತಮಿಳು ತೆಲುಗು ಮಲೆಯಾಳ ತುಳುಗಳಲ್ಲಿ ಅದರ ಬಂಧುಗಳು ಯಾವುವು, ಯಾವ ಕವಿ ಅದನ್ನು ಬಳಸಿದ್ದಾನೆ, ಮೈಸೂರು ಸೀಮೆಯಲ್ಲಿ ಆಡುವರೋ ಮುಂಬಯಿ ಕರ್ನಾಟಕದಲ್ಲಿ ಆಡುವರೋ ಎಂಬುದೆಲ್ಲ ಚಿಹ್ನೆಗಳಿಂದ ಸೂಚಿತವಾಗಿರುತ್ತದೆ. ಪಂಪನ ಬಳಿಯಲ್ಲಿ ಒಕ್ಕಲಿಗನಿಗೂ ಸ್ಥಾನವುಂಟು. ಕಾವ್ಯದಿಂದ ಬಂದ ಪ್ರಯೋಗದ ಪಕ್ಕದಲ್ಲಿ ಗಾದೆಯೂ ನಿಂತಿರುತ್ತದೆ. ನಮ್ಮ ಸಾತನೂರಿನ ಹೊಲದಲ್ಲಿ ದಿನವೂ ಬಳಸುವ ಕಣ, ಮೇಟಿ, ನೊಗ, ಕುಂಟೆ ಇಂಥ ಮಾತುಗಳು ಪಂಡಿತರ ನಿಘಂಟುಗಳಲ್ಲಿ ಹೆಚ್ಚಾಗಿ ಆದರವನ್ನು ಪಡೆದುವಲ್ಲ. ಆ ಮಾತುಗಳನ್ನು ಆಡುವವರ ಬಾಯಿಂದಲೇ ಕೇಳಿ ಬರೆದುಕೊಂಡ ಹೊರತು ಇಂಥ ಕೋಶವು ಸಿದ್ಧವಾಗದು.

ಈ ಕೋಶಕ್ಕೂ ಮಿತಿಗಳುಂಟು. ಅರ್ಥವಿವರಣೆ ಇಂಗ್ಲಿಷಿನಲ್ಲಿರುವ ಕಾರಣ ಕನ್ನಡವೊಂದನ್ನೇ ಬಲ್ಲ ಗೃಹಸ್ಥನಿಗೆ ಅದು ಬೀಗ ಹಾಕಿದ ಪೆಟ್ಟಿಗೆ. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ–ಕನ್ನಡ ನಿಘಂಟಿನ ಎಂಟು ಸಂಪುಟಗಳು ೧೯೭೦ರಿಂದ ೧೯೯೫ರವರೆಗೆ ಹೊರಬಂದ ಮೇಲೆಯೇ ಆ ಕೊರತೆ ನೀಗಿತು. ಕಿಟ್ಟೆಲರ ಕಾಲದ ಮೇಲೆ ದೊರೆತ ಶಾಸನಗಳೂ ಹಳಗನ್ನಡ ಕೃತಿಗಳೂ ಅನೇಕ. ಅವರ ವ್ಯುತ್ಪತ್ತಿಗಳೆಲ್ಲ ಇಂದು ನಿಲ್ಲುವುದಿಲ್ಲ. ಅವರೊಡನೆ ಕುಳಿತು ಅರ್ಥ ಹೇಳಿದ ಪಂಡಿತರನ್ನೂ ಮಾತು ಕೊಟ್ಟ ಹಳ್ಳಿಗರನ್ನೂ ಮರೆತು, ಇದೆಲ್ಲವೂ ಒಬ್ಬರ ತಪಸ್ಸೆಂದು ಹೇಳುವುದೂ ಸರಿಯಲ್ಲ. ಆದರೆ ಇಷ್ಟನ್ನೂ ಕಳೆದ ಮೇಲೆ ಉಳಿಯುವುದು ದೊಡ್ಡ ರಾಶಿಯೇ. ನಾಲ್ವತ್ತು ವರ್ಷಗಳ ಕಾಲ ಒಂದು ಜನದ ಮಾತನ್ನು ಹೀಗೆ ಒಂದೊಂದಾಗಿ ಆಯ್ದು ಕೂಡಿಸಿದವರಿಗೆ ಆ ಜನದಲ್ಲಿ ಗೌರವವಿರಲಿಲ್ಲವೆಂದು ನಂಬುವುದು ಕಷ್ಟ.

ಸಾಹಿತ್ಯವನ್ನು ಬಿಟ್ಟು ಲೋಕಸೇವೆಯನ್ನು ನೋಡಿದರೂ ಇದೇ ಮಿಶ್ರಭಾವ ಕಾಣುತ್ತದೆ. ಬಾಸೆಲ್ ಮಿಶನ್ನಿನವರು ಶಾಲೆಗಳನ್ನು ತೆರೆದರು, ಮಗ್ಗಗಳನ್ನು ಹೂಡಿದರು. ೧೮೬೫ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಮತಾಂತರಗೊಂಡು ಕುಲದಿಂದಲೂ ಕಸುಬಿನಿಂದಲೂ ಹೊರಬಿದ್ದವರಿಗೆ ಅನ್ನದ ದಾರಿ ತೋರುವುದು ಅದರ ಮೊದಲ ಉದ್ದೇಶ. ಅಲ್ಲಿ ಪ್ರಾರಂಭವಾದ ಮಂಗಳೂರು ಹೆಂಚು ಕಾಲಕ್ರಮದಲ್ಲಿ ಎಲ್ಲ ಜಾತಿಮತದವರ ಮನೆಗಳ ಮೇಲೂ ಏರಿತು. ಕೊಡಗಿನಲ್ಲಿ ಜೀತದ ಬಾಳಿನಿಂದ ಬಂದ ಕುಟುಂಬಗಳಿಗಾಗಿ ಮೋಗ್ಲಿಂಗರು ಆನಂದಪುರವೆಂಬ ಒಂದು ನೆಲೆಯನ್ನು ಕಟ್ಟಿದರು. ಮುಟ್ಟಬಾರದೆಂದು ಊರ ಹೊರಗೆ ನಿಲ್ಲಿಸಿದ್ದವರಿಗೆ ಅಕ್ಷರವನ್ನೂ ಭೂಮಿಯನ್ನೂ ಕೊಡಲು ಪರದೇಶದವರು ಬರಬೇಕಾಯಿತೆಂಬುದು ನಾವು ನಾಚಬೇಕಾದ ಸಂಗತಿ. ಅವರನ್ನು ಜರೆಯುವ ಮೊದಲು ಇದಕ್ಕೆ ಉತ್ತರ ಹೇಳಬೇಕು.

ಅದೇ ಲೆಕ್ಕದ ಇನ್ನೊಂದು ಬದಿಯನ್ನೂ ಬರೆಯದೆ ಬಿಡಕೂಡದು. ಆನಂದಪುರಕ್ಕೆ ಹೆಸರು ಕೊಟ್ಟ ಆನಂದರಾವ್ ಕೌಂಡಿನ್ಯರು ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣರು. ೧೮೪೪ರಲ್ಲಿ ಮೋಗ್ಲಿಂಗರಿಂದ ದೀಕ್ಷಾಸ್ನಾನವನ್ನು ಹೊಂದಿದರು. ಪಟ್ಟಣದಲ್ಲಿ ಕ್ಷೋಭೆ ಎದ್ದಿತು. ತರುಣನಿಗೆ ತನ್ನ ನಂಬಿಕೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವುಂಟೆಂಬುದನ್ನು ನಾವು ಇಂದು ಒಪ್ಪುತ್ತೇವೆ. ಆದರೆ ಮಗನು ಒಂದೇ ದಿನದಲ್ಲಿ ಮನೆಯ ಪಂಕ್ತಿಗೆ ಹೊರಗಾದಾಗ ಆ ಮನೆಯವರಿಗೆ ಆದ ನೋವೂ ನಿಜವಾದುದೇ. ಪಾದ್ರಿಗಳ ವರದಿಗಳಲ್ಲಿ ಇಂಥ ದಿನವು ಜಯದ ದಿನವಾಗಿ ಕಾಣುತ್ತದೆ. ಮನೆಯವರ ಕಥೆಯನ್ನು ಬರೆದವರು ಕಡಮೆ. ಇತ್ತ ಕಡೆಯ ಮೌನವನ್ನು ಮರೆತ ಚರಿತ್ರೆ ಅರ್ಧಚರಿತ್ರೆ.

ಹೇಳುವುದು, ಕೇಳುವುದು ಎರಡೂ ಒಬ್ಬರಲ್ಲಿಯೇ ಹದವಾಗಿ ಕೂಡಿದ ಉದಾಹರಣೆ ಬೇಕಾದರೆ ನಮ್ಮವರೇ ಆದ ಉತ್ತಂಗಿ ಚನ್ನಪ್ಪನವರನ್ನು ನೆನೆಯಬೇಕು. ೧೮೮೧ರಲ್ಲಿ ಹುಟ್ಟಿ ಬಾಸೆಲ್ ಮಿಶನ್ನಿನ ಸಭಾಪಾಲಕರಾಗಿದ್ದ ಇವರು ಹಳ್ಳಿಹಳ್ಳಿಗಳನ್ನು ತಿರುಗಿ, ಓಲೆಗಳನ್ನು ಹುಡುಕಿ, ಜನರ ಬಾಯಿಂದ ಕೇಳಿ, ಸುಮಾರು ಎರಡು ಸಾವಿರ ಸರ್ವಜ್ಞವಚನಗಳನ್ನು ಕೂಡಿಸಿ ೧೯೨೪ರಲ್ಲಿ ಪ್ರಕಟಿಸಿದರು. ಮುಂದೆ ಅನುಭವಮಂಟಪದ ಐತಿಹಾಸಿಕತೆಯನ್ನು ಕುರಿತೂ ಬರೆದರು. ಅವರು ತಮ್ಮ ಕ್ರೈಸ್ತ ನಂಬಿಕೆಯನ್ನು ಮರೆಸಿ ಈ ಕೆಲಸ ಮಾಡಿದವರಲ್ಲ. 'ಬನಾರಸಕ್ಕೆ ಬೆತ್ಲೆಹೇಮದ ವಿನಂತಿ' ಎಂಬ ಗ್ರಂಥದಲ್ಲಿ ತಮ್ಮ ಮತದ ಮಾತನ್ನು ಹಿಂದೂ ಬಾಂಧವರಿಗೆ ಬಿಚ್ಚಿ ಹೇಳಿದರು. ಆದರೆ ಆ ಹೆಸರಿನಲ್ಲಿರುವ 'ವಿನಂತಿ'ಯೆಂಬ ಪದವನ್ನು ಹಿಂದಿನ ಖಂಡನಗ್ರಂಥಗಳ ಧ್ವನಿಯ ಪಕ್ಕದಲ್ಲಿಟ್ಟು ನೋಡಿರಿ. ವಾದಿಯು ಎದುರುಮನೆಯ ಬಾಗಿಲನ್ನು ಗುದ್ದುತ್ತಾನೆ. ವಿನಂತಿ ಮಾಡುವವನು ಹೊಸ್ತಿಲಲ್ಲಿ ನಿಂತು ಒಳಗಣ ಮಾತಿಗೂ ಕಾಯುತ್ತಾನೆ. ೧೯೪೯ರಲ್ಲಿ ಕಲಬುರ್ಗಿಯಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಾಡು ಇವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಹ್ಯಾಂಡ್ಸರು ಬಳ್ಳಾರಿಗೆ ಬಂದ ನೂರಮೂವತ್ತೊಂಬತ್ತು ವರ್ಷಗಳ ತರುವಾಯ, ಕ್ರೈಸ್ತ ಸಭಾಪಾಲಕರೊಬ್ಬರು ಕನ್ನಡ ನುಡಿಯ ಪರವಾಗಿ ಸಮಸ್ತ ಕನ್ನಡಿಗರನ್ನುದ್ದೇಶಿಸಿ ಮಾತನಾಡಿದರು. ಅವರನ್ನು ಯಾರೂ ಪರಕೀಯರೆನ್ನಲಿಲ್ಲ.

ಈಗ ನಮ್ಮ ತಾಲ್ಲೂಕಿಗೆ ಹಿಂತಿರುಗೋಣ. ಬೆಂಗಳೂರಿನ ಲಂಡನ್ ಮಿಶನ್ನಿನ ಪಾದ್ರಿಯೊಬ್ಬರ ಮಗನಾಗಿ ೧೮೩೭ರಲ್ಲಿ ಜನಿಸಿದ ಬಿ. ಎಲ್. ರೈಸರು ತಾವು ಪಾದ್ರಿಗಳಾಗಲಿಲ್ಲ. ಮೈಸೂರು ಸೀಮೆಯ ಕಲ್ಲುಗಳ ಮಾತನ್ನು ಕೇಳುವುದನ್ನೇ ಕಾಯಕ ಮಾಡಿಕೊಂಡರು. ಕಾನಕಾನಹಳ್ಳಿಯೆಂದು ಅಂದು ಹೆಸರಿದ್ದ ನಮ್ಮ ಕನಕಪುರದ, ಚನ್ನಪಟ್ಟಣದ, ಮಾಗಡಿಯ ಶಾಸನಗಳು ೧೯೦೫ರ 'ಎಪಿಗ್ರಾಫಿಯಾ ಕರ್ನಾಟಿಕಾ' ಒಂಬತ್ತನೆಯ ಸಂಪುಟದಲ್ಲಿ ಅಚ್ಚಾಗಿರುವುದು ಅವರ ದುಡಿಮೆಯಿಂದ. ನಮ್ಮ ಹಿರಿಯರು ಪಶುಗಳನ್ನು ಕಟ್ಟುತ್ತಿದ್ದ ಕಲ್ಲನ್ನೂ ಅವರ ಕಡೆಯವರು ತೊಳೆದು ಓದಿದರು.

ಹೀಗಿರಲು, ಹಾರೋಬೆಲೆಯ ನಾಟಕ ಯಾರದೆಂಬ ನಮ್ಮ ಮಿತ್ರರ ಪ್ರಶ್ನೆಗೆ ನನ್ನ ಉತ್ತರವಿಷ್ಟು. ಕಥೆ ಪ್ಯಾಲೆಸ್ಟೈನಿನಿಂದ ಬಂದಿತು. ಅದನ್ನು ತಂದವರು ಪಾದ್ರಿಗಳು. ಆದರೆ ಮಗನ ಶವದ ಮುಂದೆ ಕುಳಿತ ತಾಯಿ ಅಳಬೇಕಾದಾಗ ಅವಳ ಅಳುವಿಗೆ ಬೇಕಾದ ಮಾತನ್ನು ಕೊಡುವುದು ಅರ್ಕಾವತಿಯ ದಡದ ಈ ಕನ್ನಡವೇ. ಅಲ್ಲಿ ಹೇಳುವವರೂ ಕೇಳುವವರೂ ಒಂದೇ ಊರಿನವರು. ಮತಬೋಧೆಯು ಅಲ್ಲಿ ಊರಿನ ಬಾಳಾಗಿ ಪರಿಣಮಿಸಿದೆ. ಆದಕಾರಣ ಅದು ಅವರದೂ ಹೌದು, ಕನ್ನಡದ್ದೂ ಹೌದು. ಅದನ್ನು ಕನ್ನಡ ನಾಟಕವೆಂದು ಎಣಿಸಿ, ಬೇರೆ ನಾಟಕಗಳನ್ನು ಪರೀಕ್ಷಿಸುವಂತೆಯೇ ಗುಣದೋಷಗಳನ್ನು ಎತ್ತಿ ಪರೀಕ್ಷಿಸುವುದು ನಮ್ಮ ಪತ್ರಿಕೆಯ ಕರ್ತವ್ಯ. ದಾಕ್ಷಿಣ್ಯದ ಹೊಗಳಿಕೆ ಅದಕ್ಕೆ ಬೇಡ.

ಕೊನೆಯದಾಗಿ ಒಂದು ಮಾತು. ಕಿಟ್ಟೆಲರ ತರುವಾಯ ನಮ್ಮ ಹೊಲಮನೆಗಳಲ್ಲಿ ಎಷ್ಟೋ ಮಾತುಗಳು ಬಳಕೆ ತಪ್ಪಿವೆ. ಕಣ ಮಾಡುವವರು ಕಡಮೆಯಾದಂತೆ ಕಣದ ಮಾತುಗಳೂ ಮುದುಕರ ಬಾಯಲ್ಲಿ ಮಾತ್ರ ಉಳಿದಿವೆ. ಅವುಗಳನ್ನು ಕೇಳಿ ಬರೆದುಕೊಳ್ಳಲು ಇನ್ನೊಬ್ಬರು ಕಡಲು ದಾಟಿ ಬರಲೆಂದು ನಾವು ಕಾದಿರಬೇಕೇ? ಸಾತನೂರಿನಿಂದ ಮಾಗಡಿಯವರೆಗೆ ನಮ್ಮ ಸಂಘದ ಸದಸ್ಯರು ಒಬ್ಬೊಬ್ಬರು ಒಂದೊಂದು ಊರನ್ನು ಹಂಚಿಕೊಂಡು, ಮತಕುಲಗಳ ಭೇದವೆಣಿಸದೆ ಹಿರಿಯರ ಬಳಿ ಕುಳಿತು, ಅವರಾಡುವ ಮಾತನ್ನು ತಿದ್ದದೆ ಬರೆದುಕೊಂಡು ಬಂದರೆ, ಪಾದ್ರಿಗಳಿಂದ ಕಲಿಯಬೇಕಾದ ಪಾಠವನ್ನು ನಾವು ಕಲಿತಂತಾಗುವುದು.